ಹವಾಯಿ ಗೊಂಬೆಯ ಲಂಗದ ಗಂಟು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಹುಟ್ಟಿ ಎಷ್ಟೋ ವರ್ಷವಾಯಿತು. ಈಗ ಅವಳು ಶಾಲೆಗೆ ಹೋಗುತ್ತಾಳೆ, ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಆದರೂ ಹೊಸಬರು ಯಾರೇ ಸಿಕ್ಕಲಿ, ನನ್ನ ಬಾಯಿಂದ ಮೊದಲು ಬರುವ ಮಾತು ಇದೇ. ಮನೆಯವರೆಲ್ಲ ನಗುತ್ತಾರೆ. ನಗಲಿ. ತಲೆತುಂಬ ಕೂದಲು, ಎರಡು ಮುಷ್ಟಿಯನ್ನೂ ಬಿಗಿಹಿಡಿದು ಯಾರ ಮೇಲೋ ಜಗಳಕ್ಕೆ ಬಂದವಳ ಹಾಗೆ ಹುಟ್ಟಿದವಳು ಅವಳು. ಅಂಥವಳ ಅಜ್ಜಿ ನಾನು. ಹೇಳಿಕೊಳ್ಳದೆ ಹೇಗಿರಲಿ?

ಅವಳು ಹುಟ್ಟಿದ ದಿನ ನಮ್ಮ ನೈರೋಬಿಯ ಮನೆಯಲ್ಲಿ ಒಂದು ಸಂಗತಿ ನಡೆಯಿತು. ಅದನ್ನು ಬರೆಯಬೇಕೆಂದು ಕುಳಿತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಓದು ಕಡಿಮೆಯಾದವರು ಏನು ಹೇಳಿದರೂ ನಂಬುತ್ತಾರೆ ಎಂದು ಕೆಲವರಿಗೆ ಅನಿಸಬಹುದು. ನನ್ನ ವಿಷಯದಲ್ಲಿ ಹಾಗಿರಲಿಲ್ಲ. ದೇವರಿಗೆ ಕೈ ಮುಗಿಯುತ್ತಿದ್ದೆ, ಅಷ್ಟೇ. ದೃಷ್ಟಿ, ಶಕುನ, ಮನೆಯಲ್ಲಿ ತಾನಾಗಿ ಬೀಳುವ ಪಾತ್ರೆ, ಇಂಥ ಮಾತು ಬಂದರೆ ಮೊದಲು ನಗುತ್ತಿದ್ದವಳು ನಾನು. ಈಗ ನಗುವುದಿಲ್ಲ. ನಂಬುತ್ತೇನೆಯೇ ಎಂದರೆ ಅದೂ ಗೊತ್ತಿಲ್ಲ.

ನಮ್ಮ ಯಜಮಾನರು ಇಲ್ಲಿಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಎಂಬತ್ತರ ದಶಕದಲ್ಲಿ ಅವರಿಗೆ ಒಂದು ಹುಚ್ಚು ಹತ್ತಿತು. ಅಮೆರಿಕದವರು ವರ್ಗವಾಗಿ ಊರು ಬಿಡುವಾಗ ಮನೆಸಾಮಾನು ಮಾರುತ್ತಾರೆ. ಸ್ಪ್ರಿಂಗ್ ವ್ಯಾಲಿ ಬಡಾವಣೆಯ ಅಂಥ ಒಂದು ಮನೆಗೆ ಕುರ್ಚಿ ತರಲು ಹೋದವರು ಒಂದು ದೀಪ ಹೊತ್ತುಕೊಂಡು ಬಂದರು. ಕಂಚಿನ ಬಣ್ಣದ ಹೆಣ್ಣುಗೊಂಬೆ, ಸೊಂಟಕ್ಕೆ ಹುಲ್ಲಿನ ಲಂಗ, ತಲೆಯ ಮೇಲೆ ಬಲ್ಬು, ಅದರ ಮೇಲೆ ತೆಂಗಿನಮರದ ಚಿತ್ರವಿದ್ದ ಟೋಪಿ. ಬುಡದಲ್ಲಿ ಎರಡು ಸ್ವಿಚ್ಚು. ಒಂದು ಒತ್ತಿದರೆ ದೀಪ ಹತ್ತುತ್ತದೆ, ಇನ್ನೊಂದು ಒತ್ತಿದರೆ ಗೊಂಬೆ ಸೊಂಟ ಕುಣಿಸುತ್ತದೆ.

"ಇದು ಹವಾಯಿ ದೀಪ" ಎಂದರು.

"ಹವಾಯಿ ಅಂದ್ರೆ ಚಪ್ಪಲಿ ಅಲ್ವಾ ಮಾರಾಯ್ರೆ?" ಎಂದೆ. ನನಗೆ ಗೊತ್ತಿದ್ದ ಹವಾಯಿ ಅದೊಂದೇ.

ಅದು ಅಮೆರಿಕದ ಕರೆಂಟಿಗೆ ಮಾಡಿದ ದೀಪ. ನಮ್ಮ ಗೋಡೆಯ ಕರೆಂಟು ಅದಕ್ಕೆ ಎರಡು ಪಟ್ಟು ಜಾಸ್ತಿ. ಗಣಿತದ ಮೇಷ್ಟ್ರು ಈ ಲೆಕ್ಕ ಮರೆತು ಪ್ಲಗ್ಗು ಚುಚ್ಚಿದರು. ಗೊಂಬೆ ಒಮ್ಮೆ ಹುಚ್ಚು ಹಿಡಿದವಳಂತೆ ಕುಣಿದು, ಹೊಗೆ ಬಿಟ್ಟು ನಿಂತುಹೋಯಿತು. ಅದನ್ನು ರಿಪೇರಿ ಮಾಡಲು ಕುಳಿತವರು ಮತ್ತೆ ಏಳಲೇ ಇಲ್ಲ ಎನ್ನಬಹುದು. ಒಂದರ ಹಿಂದೆ ಒಂದು ದೀಪ ಬಂತು. ಇಂಥದೇ ಕುಣಿಯುವ ಗೊಂಬೆಯದು, ಅನಾನಸಿನ ಆಕಾರದ್ದು, ತೆಂಗಿನಮರದ್ದು, ನಮ್ಮೂರ ಭೂತದ ಮುಖವಾಡದ ಹಾಗೆ ಹಲ್ಲು ಕಿರಿದುಕೊಂಡಿದ್ದ ಮರದ ಮುಖದ್ದು. ವೈರು, ಮೋಟಾರು ಅವರದು. ಲಂಗ ನನ್ನದು. ನಾನು ಉಡುಪಿ ಕಡೆಯ ಮಲ್ಲಿಗೆ ಕಟ್ಟುವ ಮನೆಯವಳು, ಒದ್ದೆ ಬಾಳೆನಾರಿನಲ್ಲಿ ಮೊಗ್ಗು ಕಟ್ಟಿ ಬೆಳೆದ ಕೈ. ಇಲ್ಲಿ ಬಾಳೆನಾರಿನ ಬದಲು ಕತ್ತಾಳೆ ನಾರು. ಬುಟ್ಟಿ ಹೆಣೆಯುವ ಹೆಂಗಸರಿಂದ ಮಾರ್ಕೆಟಿನಲ್ಲಿ ತಂದು, ನೀರಿನಲ್ಲಿ ನೆನೆಸಿ, ಮಲ್ಲಿಗೆ ಕಟ್ಟಿದ ಹಾಗೆಯೇ ಎಳೆ ಎಳೆಯಾಗಿ ಒಂದು ಹುರಿಗೆ ಕಟ್ಟಿ, ಹುರಿಯನ್ನು ಗೊಂಬೆಯ ಸೊಂಟಕ್ಕೆ ಬಿಗಿಯುತ್ತಿದ್ದೆ. ಒದ್ದೆ ನಾರಿನ ಗಂಟು ಒಣಗಿದರೆ ಕಲ್ಲಾಗುತ್ತದೆ.

ಆಗ ನನ್ನ ಮಗಳು ಸುಮ ಹೆರಿಗೆಗೆ ನಮ್ಮಲ್ಲಿಗೆ ಬಂದಿದ್ದಳು. ಅವಳ ಮೊದಲ ಮಗು ಹುಟ್ಟುವಾಗಲೇ ಹೋಗಿತ್ತು. ಆ ಮೇಲೆ ಅವಳು ನಗುವುದನ್ನೇ ಬಿಟ್ಟಿದ್ದಳು. ಈ ಸಲವೂ ಹಾಗಾದರೆ ಮಗು ಮಾತ್ರವಲ್ಲ, ಮಗಳೂ ಕೈಗೆ ಸಿಕ್ಕುವುದಿಲ್ಲವೆಂಬ ಭಯ ನನಗೆ. ಯಾರ ಹತ್ತಿರವೂ ಅದನ್ನು ಹೇಳಿರಲಿಲ್ಲ. ಹೆರಿಗೆಗೆಂದು ಅವಳ ಅತ್ತೆ ನಾಗರತ್ನಮ್ಮನವರೂ ಮೈಸೂರಿನಿಂದ ಬಂದಿದ್ದರು. ಮೊದಲ ದಿನವೇ ಅವರು ಆ ಹಲ್ಲು ಕಿರಿಯುವ ದೀಪದ ಮೇಲೆ ಒಂದು ಟವೆಲು ಹೊದಿಸಿ, "ಬಸುರಿ ಹೆಂಗಸು ಓಡಾಡೋ ಮನೇಲಿ ಇವೆಲ್ಲಾ ಏನು ಬೀಗರೇ?" ಎಂದು ಯಜಮಾನರನ್ನು ಕೇಳಿದ್ದರು.

ಬೆಳಗಿನ ಜಾವ ನೋವು ಶುರುವಾಯಿತು. ಅಪ್ಪರ್ ಹಿಲ್ ಕಡೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಒಳಗೆ ಒಬ್ಬರೇ ಇರಬಹುದು ಎಂದರು. ಅಳಿಯ ಮೋಹನ ಉಳಿದ. ಏನಿದ್ದರೂ ಫೋನ್ ಮಾಡುತ್ತೇನೆ ಎಂದು ನಮ್ಮನ್ನು ಮನೆಗೆ ಕಳಿಸಿದ.

ಮನೆಗೆ ಬಂದೆವೇ ಹೊರತು ಕೂರಲು ಯಾರಿಂದಲೂ ಆಗಲಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಅಕ್ಕಿ ಆರಿಸಿದೆ, ಅದರಲ್ಲಿ ಕಲ್ಲೇ ಇರಲಿಲ್ಲ. ಯಜಮಾನರು ಫೋನ್ ಎತ್ತಿ, ಸದ್ದು ಬರುತ್ತಿದೆಯೇ ಎಂದು ಕೇಳಿ, ಇಟ್ಟು, ಎರಡು ಸುತ್ತು ಹಾಕಿ ಮತ್ತೆ ಎತ್ತುತ್ತಿದ್ದರು. "ಹಾಗೆ ಎತ್ತಿಕೊಂಡೇ ಇದ್ದರೆ ಅವನು ಮಾಡುವುದು ಹೇಗೆ?" ಎಂದು ರೇಗಿದೆ. ಕೊನೆಗೆ ಕೈಗೆ ಏನಾದರೂ ಕೆಲಸ ಬೇಕೆಂದು, ಹಾಲ್‌ನ ಮೇಜಿನ ಮೇಲಿದ್ದ, ಹೊಸದಾಗಿ ತಂದ ಗೊಂಬೆಯ ಮುಂದೆ ಕುಳಿತೆ. ಅದರ ಮೋಟಾರು ಸುಟ್ಟಿತ್ತು. ತಂತಿ ಸುತ್ತಿಸಲೆಂದು ಯಜಮಾನರು ಅದನ್ನು ಬಿಚ್ಚಿ ಅಂಗಡಿಗೆ ಕೊಟ್ಟಿದ್ದರು. ಬುಡ ಖಾಲಿ, ವೈರು ಕೂಡ ಇಲ್ಲ. ಸೊಂಟ ಹಳೆಯ ಗ್ರೀಸಿನಲ್ಲಿ ಅಂಟಿಕೊಂಡು ಕೈಯಿಂದ ತಿರುಗಿಸಿದರೂ ಜಗ್ಗುತ್ತಿರಲಿಲ್ಲ. ಸೀಮೆಎಣ್ಣೆಯಲ್ಲಿ ನೆನೆಸಬೇಕು ಎಂದಿದ್ದರು. ಲಂಗವನ್ನು ನಾನು ಹಿಂದಿನ ದಿನವೇ ಅದರ ಸೊಂಟಕ್ಕೆ ಬಿಗಿದು ಗಂಟು ಹಾಕಿದ್ದೆ. ಅಲ್ಲಲ್ಲಿ ತೆಳ್ಳಗಿದ್ದ ಕಡೆ ಒಂದೊಂದೇ ಎಳೆ ಸೇರಿಸಿ ಕಟ್ಟತೊಡಗಿದೆ.

ನಾಗರತ್ನಮ್ಮ ದೇವರ ಮುಂದಿನಿಂದ ಎದ್ದು ಬಂದವರು ನನ್ನನ್ನು ನೋಡಿ ಅಲ್ಲೇ ನಿಂತರು.

"ಅಯ್ಯಯ್ಯೋ! ಏನ್ರೀ ಇದು? ಅಲ್ಲಿ ಹುಡುಗಿ ನೋವು ತಿಂತಿದಾಳೆ, ನೀವಿಲ್ಲಿ ಗಂಟು ಹಾಕ್ತಾ ಕೂತಿದೀರಲ್ಲ!"

"ಗಂಟಿಗೂ ಹೆರಿಗೆಗೂ ಎಂತ ಸಂಬಂಧ?"

"ಸಂಬಂಧ ಇದೆ ರೀ. ಮನೇಲಿ ಹೆರಿಗೆ ಅಂದ್ರೆ ಗಂಟೆಲ್ಲಾ ಬಿಚ್ಬೇಕು, ಬೀಗ ಎಲ್ಲಾ ತೆಗೀಬೇಕು. ಇಲ್ದಿದ್ರೆ ಅಲ್ಲೂ ದಾರಿ ಬಿಡಲ್ಲ. ನಮ್ಮತ್ತೆ ನನ್ನ ಜಡೆ ಕೂಡ ಬಿಚ್ಚಿಸಿದ್ರು."

ನನಗೆ ಒಳಗೊಳಗೇ ನಗು. ಆದರೆ ಅವರು ನಗುತ್ತಿರಲಿಲ್ಲ. ಬೀರು ತೆಗೆದರು, ಟ್ರಂಕು ತೆಗೆದರು, ಸಕ್ಕರೆ ಡಬ್ಬಿಯ ಮುಚ್ಚಳವನ್ನೂ ಬಿಡಲಿಲ್ಲ. ಆಮೇಲೆ ಬೀಗದಕೈ ಗೊಂಚಲು ಹಿಡಿದು ಹೊರಗೆ ಹೋಗಿ ಗೇಟಿನ ಬೀಗಕ್ಕೇ ಕೈ ಹಾಕಿದರು. ಯಜಮಾನರು ಹಿಂದೆಯೇ ಓಡಿದರು.

"ನಾಗರತ್ನಮ್ಮ, ಇದು ನೈರೋಬಿ! ಗೇಟು ತೆರೆದಿಟ್ಟರೆ ಮಗು ಮನೆಗೆ ಬರುವಾಗ ಮಲಗಿಸಲಿಕ್ಕೆ ಮಂಚವೂ ಇರುವುದಿಲ್ಲ!"

"ಮಂಚ ಹೋದ್ರೆ ಹೋಗ್ಲಿ ಬೀಗರೇ, ಮಗು ಬರ್ಲಿ."

ಯಜಮಾನರು ಪಕ್ಕಕ್ಕೆ ಸರಿದರು. ಗೇಟು ತೆರೆಯಿತು. ಕಾವಲುಗಾರ ಗಾಬರಿಯಿಂದ ದೊಣ್ಣೆ ಹಿಡಿದು ಬಂದು, "ಮಾಮಾ, ಕುನಾ ನಿನಿ?" ಎಂದ, ಅಮ್ಮಾ ಏನು ವಿಷಯ ಎಂದು ಸ್ವಾಹಿಲಿಯಲ್ಲಿ. ಏನಾಯಿತು ಎಂದು ಅವನಿಗೆ ಯಾವ ಭಾಷೆಯಲ್ಲಿ ಹೇಳುವುದು? ಅವನು ತೆರೆದ ಗೇಟಿನ ಮಧ್ಯದಲ್ಲಿ ತಾನೇ ಬಾಗಿಲಾಗಿ ನಿಂತುಕೊಂಡ.

ಮಧ್ಯಾಹ್ನ ದಾಟಿದ ಮೇಲೆ ಫೋನ್ ಬಂತು. ನಾನು ಎತ್ತಿದೆ, ಮೋಹನ. ಏನೂ ಮುಂದುವರಿದಿಲ್ಲ, ಸುಮ ಸುಸ್ತಾಗಿದ್ದಾಳೆ, ಮಗುವಿನ ಎದೆಬಡಿತ ನಿಧಾನವಾಗುತ್ತಿದೆ, ಇನ್ನು ಸ್ವಲ್ಪ ನೋಡಿ ಆಪರೇಷನ್ನಿಗೆ ಒಯ್ಯುತ್ತಾರಂತೆ. "ಅತ್ತೆ, ಹೋದ ಸಲವೂ ಹೀಗೇ..." ಎಂದವನು ಮಾತು ಮುಗಿಸದೆ ಫೋನ್ ಇಟ್ಟ.

ಆ ಮೇಲೆ ನನ್ನಲ್ಲಿ ನಗು ಇರಲಿಲ್ಲ. ಸುಮ್ಮನೆ ಹೋಗಿ ಗೊಂಬೆಯ ಮುಂದೆ ಕುಳಿತು ಎಳೆಗಳ ಗಂಟು ಬಿಚ್ಚತೊಡಗಿದೆ. ನಂಬಿ ಮಾಡಿದೆನೋ, ಬೇರೇನೂ ಮಾಡಲು ತೋಚದೆ ಮಾಡಿದೆನೋ, ಕೇಳಬೇಡಿ. ಆ ದಿನ ಹಾಕಿದ್ದೆಲ್ಲ ಬಿಚ್ಚಿತು. ಹಿಂದಿನ ದಿನದವೂ ಸೂಜಿಯ ಮೊನೆಗೆ ಒಂದೊಂದಾಗಿ ಬಿಚ್ಚಿದವು. ಉಳಿದದ್ದು ಬೆನ್ನ ಹಿಂದಿನ ಒಂದು ಗಂಟು, ಸೊಂಟದ ಹುರಿಯದು. ಒಣಗಿ ಕಲ್ಲಾಗಿತ್ತು. ಉಗುರು ಮುರಿಯಿತು. ಕತ್ತರಿ ತೆಗೆದರೆ ನಾಗರತ್ನಮ್ಮ ಕೈ ಹಿಡಿದರು. "ಕತ್ತರಿಸಿದ್ರೆ ಬಿಚ್ಚಿದ ಹಾಗಲ್ಲ ರೀ. ಬಿಚ್ಲೇಬೇಕು." ಅವರು ತಮ್ಮ ಹೇರ್‌ಪಿನ್ನಿನಿಂದ ನೋಡಿದರು. ಯಜಮಾನರು ಮೂಢನಂಬಿಕೆ ಎಂದು ಗೊಣಗುತ್ತಲೇ ಬಂದು ಕನ್ನಡಕ ಏರಿಸಿ, ಸಣ್ಣ ಸ್ಕ್ರೂಡ್ರೈವರಿನಿಂದ ಎಬ್ಬಿಸಿ ನೋಡಿದರು. ಗಂಟು ಜಗ್ಗಲಿಲ್ಲ. "ನಾನು ಆಸ್ಪತ್ರೆಗೇ ಹೋಗುತ್ತೇನೆ" ಎಂದು ಕಾರಿನ ಕೀಲಿ ಹುಡುಕಲು ಒಳಗೆ ಹೋದರು. ನಾಗರತ್ನಮ್ಮ ದೇವರ ಕೋಣೆಗೆ ಹೋದರು.

ಹಾಲ್‌ನಲ್ಲಿ ನಾನೊಬ್ಬಳೇ. ಹಗಲು ಹೊತ್ತು, ಕಿಟಕಿಯಿಂದ ಚೆನ್ನಾಗಿ ಬೆಳಕಿತ್ತು. ನಾನು ಮೇಜಿನಿಂದ ಒಂದು ಮಾರು ದೂರದಲ್ಲಿ ನಿಂತಿದ್ದೆ. ಕೈಯಲ್ಲಿ ಏನೂ ಇರಲಿಲ್ಲ.

ಗೊಂಬೆ ಸೊಂಟ ತಿರುಗಿಸಿತು.

ಮೋಟಾರಿಗೆ ಕುಣಿಯುವ ಹಾಗೆ ಅಲ್ಲ. ಅದನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ಅದು ಗಡಿಯಾರದ ಹಾಗೆ ಒಂದೇ ಸಮ. ಇದು ನಿಧಾನವಾಗಿ ಎಡಕ್ಕೆ ವಾಲಿ ನಿಂತಿತು, ಆಮೇಲೆ ಬಲಕ್ಕೆ. ತುಂಬಿದ ಬಸುರಿ ನಿಂತಲ್ಲಿ ನಿಲ್ಲಲಾರದೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುವ ಹಾಗೆ. ಹುರಿ ಸಡಿಲವಾಗುವುದು ನನ್ನ ಕಣ್ಣಿಗೆ ಕಂಡಿತು. ಅದು ಜಾರಿ ಗೊಂಬೆಯ ಪಾದದ ಸುತ್ತ ಬಿತ್ತು. ಗೊಂಬೆ ನಿಂತಿತು. ಒಳಗೆ ಫೋನ್ ಹೊಡೆದುಕೊಂಡಿತು.

ಯಜಮಾನರು ಎತ್ತಿದರು. ಅವರು ಮಾತನಾಡುವುದು ಕೇಳಿಸಲಿಲ್ಲ. ಅಳುವುದು ಕೇಳಿಸಿತು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ಕೇಳಿರಲಿಲ್ಲ, ಹಾಗಾಗಿ ಒಳ್ಳೆಯದೋ ಕೆಟ್ಟದ್ದೋ ಗೊತ್ತಾಗದೆ ಗೋಡೆ ಹಿಡಿದು ನಿಂತೆ. "ಹೆಣ್ಣು! ಇಬ್ಬರೂ ಚೆನ್ನಾಗಿದ್ದಾರಂತೆ ಮಾರಾಯ್ತಿ, ಆಪರೇಷನ್ನೂ ಇಲ್ಲ!" ಎಂದು ಓಡಿ ಬಂದವರು ಮೇಜಿನ ಮೇಲೆ ಬಿದ್ದಿದ್ದ ಲಂಗದ ಹುರಿ ನೋಡಿ, "ಕತ್ತರಿಸಿದೆಯಾ?" ಎಂದರು. ಎತ್ತಿ ನೋಡಿದರು. ಅದು ಎಲ್ಲೂ ತುಂಡಾಗಿರಲಿಲ್ಲ. ಗಂಟಿದ್ದ ಕಡೆ ನಾರು ಸುರುಳಿ ಸುರುಳಿಯಾಗಿತ್ತು, ಅಷ್ಟೇ.

ನಾನು ಕಂಡದ್ದನ್ನು ಹೇಳಿದೆ. ನಾವೆಲ್ಲ ಕೆದಕಿ ಕೆದಕಿ ಗಂಟು ಸಡಿಲವಾಗಿತ್ತು, ರಸ್ತೆಯಲ್ಲಿ ಲಾರಿ ಹೋಗಿರಬೇಕು, ಮೇಜು ಅದುರಿ ಬಿತ್ತು ಎಂದರು ಯಜಮಾನರು. ಇರಬಹುದು. "ಸೊಂಟ?" ಎಂದೆ. ಅವರು ಗೊಂಬೆಯನ್ನು ಎರಡು ಕೈಯಲ್ಲಿ ಹಿಡಿದು ಬಲವಾಗಿ ತಿರುಗಿಸಿದರು. ತಿರುಗಲಿಲ್ಲ. ಇನ್ನೊಮ್ಮೆ ಹಲ್ಲು ಕಚ್ಚಿ ತಿರುಗಿಸಿದರು. ಇಲ್ಲ. ಅದನ್ನು ಮೇಜಿನ ಮೇಲೆ ಇಟ್ಟರು. ನಾನು ಆ ದಿನ ನಿದ್ದೆಗೆಟ್ಟಿದ್ದೆ, ಊಟ ಮಾಡಿರಲಿಲ್ಲ, ಕಣ್ಣು ಮಂಜಾಗಿತ್ತು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಕಣ್ಣು ಮಂಜಾಗಿರಲಿಲ್ಲ. ಇಂದಿಗೂ ಆ ಗೊಂಬೆಯ ಮುಂದೆ ಹಾದುಹೋಗುವಾಗ ನನ್ನ ಕಾಲು ಸ್ವಲ್ಪ ಬೇಗ ನಡೆಯುತ್ತದೆ. ನೀವಾಗಿದ್ದರೆ ಏನೆನ್ನುತ್ತಿದ್ದಿರೋ ಗೊತ್ತಿಲ್ಲ.

ಸಂಜೆ ಕ್ಯಾರಿಯರಿನಲ್ಲಿ ಅನ್ನ, ಮೆಣಸಿನ ಸಾರು, ತುಪ್ಪ ಕಟ್ಟಿಕೊಂಡು ಎಲ್ಲರೂ ಆಸ್ಪತ್ರೆಗೆ ಹೋದೆವು. ನರ್ಸಮ್ಮ ಒಳ್ಳೆಯವಳು, ಬಾಗಿಲು ಹಾಕಿಕೊಂಡು ಬೇಗ ಮುಗಿಸಿ ಎಂದಳು. ಸುಮ ದಿಂಬಿಗೆ ಒರಗಿ, ಮೋಹನ ಮಂಚದ ತುದಿಯಲ್ಲಿ, ನಾವು ಮೂವರು ಇದ್ದ ಕುರ್ಚಿಗಳಲ್ಲಿ ತಟ್ಟೆ ಹಿಡಿದು ಕುಳಿತೆವು. ಮಗು ತೊಟ್ಟಿಲಲ್ಲಿ ಮಲಗಿತ್ತು. ಬೆಳಗಿನಿಂದ ಯಾರೂ ತಿಂದಿರಲಿಲ್ಲ, ಆಗ ನೆನಪಾಯಿತು.

ನಾಗರತ್ನಮ್ಮ ಸುಮ್ಮನಿರುತ್ತಾರೆಯೇ? ಗಂಟಿನ ಕತೆಯೆಲ್ಲ ಹೇಳಿದರು. ಯಜಮಾನರು ಲಾರಿ ಎಂದರು. "ಯಾವ ಲಾರಿ ಬೀಗರೇ? ಅದರ ನಂಬರ್ ಬರಕೊಂಡ್ರಾ?" ಎಂದರು ನಾಗರತ್ನಮ್ಮ. ಮೋಹನ ನಗಲೋ ಬೇಡವೋ ಎಂದು ಇಬ್ಬರ ಮುಖ ನೋಡಿದ. ಕಂಡವಳು ನಾನೊಬ್ಬಳೇ ಆದರೂ, ನಾನು ತುಪ್ಪ ಬಡಿಸುತ್ತಿದ್ದೆ.

ಸುಮ ಎಲ್ಲರನ್ನೂ ನೋಡುತ್ತಿದ್ದವಳು ಇದ್ದಕ್ಕಿದ್ದಂತೆ ನಕ್ಕಳು. ಹೊಟ್ಟೆ ಹಿಡಿದುಕೊಂಡು, ನೋವಾಗುತ್ತದೆ ಎನ್ನುತ್ತಲೇ ನಕ್ಕಳು.

"ಗೊಂಬೆಯೋ, ಲಾರಿಯೋ, ಯಾರೇ ಆಗಲಿ ಅಮ್ಮ. ಆಮೇಲೆ ಜಗಳ ಮಾಡಿ. ನನಗೆ ಇನ್ನೊಂದು ಸ್ವಲ್ಪ ಅನ್ನ ಹಾಕು, ಹಸಿವಾಗ್ತಿದೆ."

ನಾನು ಬಡಿಸಿದೆ. ಅವಳು ಅದನ್ನೂ ಉಂಡು ಮತ್ತೆ ತಟ್ಟೆ ಮುಂದೆ ಹಿಡಿದಳು.