ಹನ್ನೆರಡನೆಯ ನಿಮಿಷ

ನಾನು ಕೋಲಾರದ ಒಂದು ಖಾಸಗಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ. ಎರಡು ವರ್ಷದ ಹಿಂದೆ ನಮ್ಮ ಆಡಳಿತದವರು ಬೆಳಗಿನ ಏಳು ಗಂಟೆಯ ತರಗತಿಯನ್ನು ಆನ್‌ಲೈನ್ ಮಾಡಿದರು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಮಕ್ಕಳಿಗೆ ಮೊದಲ ಬಸ್ಸು ಹಿಡಿಯುವ ಕಷ್ಟ ತಪ್ಪುತ್ತದೆ ಎಂದರು. ಪಾಠ ಮುಗಿದ ಮೇಲೆ ಅದರ ವಿಡಿಯೊ ಕಾಲೇಜಿನ ಆ್ಯಪ್‌ನಲ್ಲಿ ಉಳಿಯುತ್ತಿತ್ತು. ಯಾರು ಎಷ್ಟು ನೋಡಿದರು, ಯಾವ ನಿಮಿಷವನ್ನು ಹಿಂದಕ್ಕೆ ಎಳೆದು ಮತ್ತೆ ನೋಡಿದರು, ಎಲ್ಲವೂ ನನಗೆ ಕಾಣುತ್ತಿತ್ತು. ಮುಕ್ಕಾಲು ಪಾಲು ವಿಡಿಯೊ ನೋಡದವರಿಗೆ ಹಾಲ್ ಟಿಕೆಟ್ ಇಲ್ಲ ಎಂಬುದು ನಿಯಮ. ಪಟ್ಟಿ ಮಾಡಿ ಸಹಿ ಹಾಕುವುದು ನನ್ನ ಕೆಲಸ.

ಮತ್ತೆ ನೋಡಿದವರ ಲೆಕ್ಕವನ್ನು ಆ್ಯಪ್ ಗ್ರಾಫಾಗಿ ತೋರಿಸುತ್ತಿತ್ತು; ಬೇರೆ ಪಾಠಗಳ ಗೆರೆ ಮೊದಲ ಐದು ನಿಮಿಷದಲ್ಲೇ ನೆಲ ಕಚ್ಚುತ್ತಿತ್ತು. ಎಲೆಯ ಪಾಠದ್ದು ಮಾತ್ರ ಹನ್ನೆರಡನೆಯ ನಿಮಿಷದಲ್ಲಿ ನೆಟ್ಟಗೆ ಮೇಲೆದ್ದಿತ್ತು. ಆ ಹೊತ್ತಿಗೆ ನಾನು ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಎಲೆಯ ಒಳಭಾಗದ ಚಿತ್ರ ಬರೆಯುತ್ತಿದ್ದೆನೆಂದು ನೆನಪಿತ್ತು. ವಿಡಿಯೊ ತೆರೆದು ನೋಡಲಿಲ್ಲ. ನನ್ನ ಪಾಠವನ್ನು ನಾನೇ ಏನು ನೋಡುವುದು ಅಂದುಕೊಂಡೆ. ಆ ಗೆರೆಯನ್ನು ಪ್ರಿಂಟ್ ತೆಗೆದುಕೊಂಡು ಹೋಗಿ ಅಧ್ಯಾಪಕರ ಸಭೆಯಲ್ಲಿ ತೋರಿಸಿದೆ. ಚಿತ್ರ ಬರೆದು ಕಲಿಸಿದರೆ ಮಕ್ಕಳು ಮತ್ತೆ ಮತ್ತೆ ನೋಡುತ್ತಾರೆ ಎಂದೆ. ಪ್ರಾಂಶುಪಾಲರು ಉಳಿದವರ ಕಡೆ ತಿರುಗಿ, "ನೋಡ್ರಿ, ಹಿಂಗ್ ಮಾಡ್ಬೇಕು" ಎಂದರು.

ಹಾಲ್ ಟಿಕೆಟ್ ಪಟ್ಟಿಯಿಂದ ಒಂಬತ್ತು ಜನರನ್ನು ತೆಗೆದೆ. ಅವರಲ್ಲಿ ಹುತ್ತೂರು ಕಡೆಯ ಒಬ್ಬ ಹುಡುಗಿ ಇದ್ದಳು. ಎಲೆಯ ಪಾಠದ ತನಕ ಒಂದು ವಿಡಿಯೊವನ್ನೂ ಬಿಡದೆ ನೋಡಿದವಳು, ಅದಾದ ಮೇಲೆ ಒಂದನ್ನೂ ತೆರೆದಿರಲಿಲ್ಲ. ಹನ್ನೆರಡನೆಯ ನಿಮಿಷವನ್ನು ಮಾತ್ರ ಹದಿನೇಳು ಸಲ ನೋಡಿದ್ದಳು. ವಿಚಿತ್ರ ಅನಿಸಿತು. ಸಹಿ ಹಾಕಿದೆ.

ಮರುದಿನ ಪ್ರಾಕ್ಟಿಕಲ್‌ಗೆ ಬಂದಿದ್ದ ಮುಳಬಾಗಿಲಿನ ಒಬ್ಬ ವಿದ್ಯಾರ್ಥಿನಿಯನ್ನು, ಆ ಚಿತ್ರ ಅಷ್ಟು ಚೆನ್ನಾಗಿತ್ತೇನಮ್ಮ ಎಂದು ಕೇಳಿದೆ. ಹೊಗಳಿಸಿಕೊಳ್ಳುವ ಆಸೆ ಇತ್ತು, ಸುಳ್ಳೇಕೆ.

"ಯಾವ ಚಿತ್ರ ಸಾರ್?"

"ಎಲೆದು. ಎಲ್ರೂ ಅದನ್ನೇ ನೋಡಿದ್ದೀರಲ್ಲ."

ಪಕ್ಕದವಳ ಮುಖ ನೋಡಿ ನಕ್ಕಳು. "ಅದು ಹುಳದ್ದು ಸಾರ್. ಭಲೇ ಹೇಳಿದ್ರಿ ನೀವು. ಮಧ್ಯಾಹ್ನ ಊಟಕ್ಕೆ ಕೂತ್ರೆ ಅದನ್ನೇ ಹಾಕ್ಕೊಂಡು ನೋಡ್ತಿದ್ವಿ. ಆ ಹುತ್ತೂರಿನವಳು ಬಂದ್ರೆ ಸಾಕು, ಏನೇ ಹುಳ, ಸೊಪ್ಪು ತಿಂದ್ಯಾ ಅಂತಿದ್ವಿ. ತಮಾಷೆಗೆ ಸಾರ್."

ಸ್ಟಾಫ್ ರೂಮಿಗೆ ಬಂದು ವಿಡಿಯೊ ತೆರೆದೆ. ಹನ್ನೆರಡನೆಯ ನಿಮಿಷದಲ್ಲಿ ಯಾರದೋ ಮೈಕಿನಿಂದ ಚರಚರ ಸದ್ದು ಬರುತ್ತದೆ. ನಾನು ಸೀಮೆಸುಣ್ಣ ಕೆಳಗಿಟ್ಟು ತಿರುಗುತ್ತೇನೆ. "ಯಾರಮ್ಮ ಅದು, ಬೆಳಿಗ್ಗೇನೇ ಹಪ್ಪಳ ಕರೀತಿರೋದು?" "ಹುಳಕ್ಕೆ ಸೊಪ್ಪು ಹಾಕ್ತಿದೀನಿ ಸಾರ್" ಎಂಬುದು ಆ ಹುತ್ತೂರಿನ ಹುಡುಗಿಯ ದನಿ. ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಎದ್ದ ರೇಷ್ಮೆಹುಳ ಬೆಳಗಿನ ಸೊಪ್ಪು ತಡವಾದರೆ ತಾಳುವುದಿಲ್ಲ. ಈ ಸೀಮೆಯಲ್ಲೇ ಹುಟ್ಟಿದ ನನಗೆ ಅದು ಗೊತ್ತು. ಆದರೂ ಹೇಳಿದ್ದೇನೆ: "ಹಂಗಾದ್ರೆ ಫೋನು ಹುಳದ ಮುಂದೆ ಇಡಮ್ಮ. ನೀನಂತೂ ಪಾಸಾಗಲ್ಲ, ಅವಾದ್ರೂ ಪಾಸಾಗ್ಲಿ." ಆಮೇಲೆ ನಗು. ಎಲ್ಲರದಕ್ಕಿಂತ ನನ್ನ ನಗು ಉದ್ದ. ಅದರಡಿಯಲ್ಲಿ ಅವಳು "ಸಾರಿ ಸಾರ್" ಎನ್ನುತ್ತಾಳೆ. ಇಂಥ ಮಾತು ದಿನಕ್ಕೆರಡು ಆಡುತ್ತಿದ್ದೆ, ನೆನಪಿಡುತ್ತಿರಲಿಲ್ಲ.

ಪ್ರಾಂಶುಪಾಲರ ಕೋಣೆಗೆ ಹೋಗಿ, ಅವಳ ಹೆಸರು ಪಟ್ಟಿಗೆ ಸೇರಿಸಬೇಕು ಎಂದೆ.

"ಯಾಕ್ರೀ? ನೀವೇ ಸಹಿ ಹಾಕಿದ್ದೀರಿ."

ನಿಜ ಹೇಳಿದ್ದರೆ ಅವಳಿಗೆ ಹಾಲ್ ಟಿಕೆಟ್ ಸಿಗುತ್ತಿತ್ತೋ ಏನೋ. "ಅವರೂರಲ್ಲಿ ನೆಟ್‌ವರ್ಕ್ ಸಿಗಲ್ಲ ಸಾರ್" ಎಂದೆ.

ಅವರು ಕಂಪ್ಯೂಟರಿನಲ್ಲಿ ಅವಳ ಹೆಸರು ತೆಗೆದು, ಬೆರಳಿಟ್ಟು ತೋರಿಸಿದರು. "ಇದೊಂದನ್ನ ಹದಿನೇಳು ಸಲ ನೋಡೋಕೆ ನೆಟ್‌ವರ್ಕ್ ಸಿಕ್ಕಿದೆಯಲ್ರೀ. ನಿಮ್ಮ ಚಿತ್ರ ಅವಳಿಗೂ ಇಷ್ಟ ಆಗಿದೆ."

ಹೌದು ಸಾರ್, ಎಂದೆ.

ಪಟ್ಟಿ ಹಾಗೆಯೇ ಹೋಯಿತು. ಅವಳು ಆ ಸಲ ಪರೀಕ್ಷೆ ಬರೆಯಲಿಲ್ಲ. ಜೂನ್‌ನಲ್ಲಿ ಅವಳ ತಂದೆ ಬಂದು ಟಿ.ಸಿ. ತೆಗೆದುಕೊಂಡು ಹೋದರು. ನಾನು ಸ್ಟಾಫ್ ರೂಮಿನ ಕಿಟಕಿಯಿಂದ ನೋಡಿದೆ. ಕೆಳಗಿಳಿದು ಹೋಗಲಿಲ್ಲ.