ಅಪ್ಪ ತೆರೆದಿಟ್ಟ ಬಾಗಿಲು

ಮಾನ್ವಿ ಹತ್ತಿರವಾದಂತೆ ಬಸ್ಸಿನ ಕಿಟಕಿಯಿಂದ ಬೆಂದ ಭತ್ತದ ವಾಸನೆ ಒಳಗೆ ಬರುತ್ತದೆ. ಹುಳಿಯೂ ಅಲ್ಲ, ಸಿಹಿಯೂ ಅಲ್ಲ; ಒದ್ದೆ ಗೋಣಿಚೀಲವನ್ನು ಬಿಸಿಲಿಗೆ ಹರವಿದಂಥ ಬಿಸಿ ವಾಸನೆ. ಪಕ್ಕದಲ್ಲಿ ಕೂತವರು ಮೂಗು ಮುಚ್ಚಿಕೊಂಡರೆ ನಾನು ಕಿಟಕಿಯನ್ನು ಇನ್ನಷ್ಟು ಸರಿಸುತ್ತೇನೆ. ಅಪ್ಪನ ಅಂಗಿಗೆ, ಟವೆಲ್ಲಿಗೆ, ಎತ್ತಿಕೊಂಡಾಗ ನನ್ನ ಕೆನ್ನೆಗೆ ತಾಗುತ್ತಿದ್ದ ಅವನ ಕುತ್ತಿಗೆಗೆ ಇದೇ ವಾಸನೆಯಿತ್ತು. ಅಪ್ಪ ಸಮುವೇಲಪ್ಪ ಊರ ಹೊರಗಿನ ರೈಸ್ ಮಿಲ್ಲಿನಲ್ಲಿ ಬಾಯ್ಲರಿಗೆ ಹೊಟ್ಟು ಹಾಕುವ ಕೆಲಸಕ್ಕಿದ್ದ. ನಾವಿದ್ದ ಎರಡು ಕೋಣೆಯ ಮನೆಯೂ ಮಿಲ್ಲಿನ ಸಾವಕಾರರದೇ. ಪ್ರತಿ ಭಾನುವಾರ ನಮ್ಮ ಜನರ ಕೆಲವು ಮನೆಯವರು ಅಲ್ಲಿ ಚಾಪೆ ಹಾಸಿ ಪ್ರಾರ್ಥನೆಗೆ ಕೂಡುತ್ತಿದ್ದರು. ಅವ್ವ ಹಾಡು ಎತ್ತಿಕೊಡುತ್ತಿದ್ದಳು. ಬೀದಿಯ ಬಾಗಿಲು ತೆರೆದೇ ಇರುತ್ತಿತ್ತು. ಕೋಳಿಗಳು ಒಳಗೆ ಬಂದು ಹೋಗುತ್ತಿದ್ದವು. ಮೊಸರಿಗೆ ಹೆಪ್ಪು ಕೇಳಲು ಬಂದ ನೆರೆಯವರು ಹಾಡು ಮುಗಿಯುವ ತನಕ ಹೊಸ್ತಿಲಲ್ಲಿ ನಿಂತು, ಆಮೇಲೆ ಬಟ್ಟಲು ಚಾಚುತ್ತಿದ್ದರು. ಅಷ್ಟು ಸಲೀಸಾಗಿತ್ತು ನಮ್ಮ ಬದುಕು.

ಅದು ಕೆಟ್ಟದ್ದು ಬೀರಪ್ಪನ ಕೈ ಹೋದ ಮೇಲೆ. ಬೀರಪ್ಪ ಗಬ್ಬೂರು ಕಡೆಯ ಕುರಿ ಕಾಯುವ ಮನೆತನದವನು. ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದ. ಓಡುವ ಯಂತ್ರದ ಬೆಲ್ಟಿಗೆ ಅವನ ಅಂಗಿಯ ತೋಳು ಸಿಕ್ಕಿತು. ರಾಯಚೂರಿನ ಆಸ್ಪತ್ರೆಯಲ್ಲಿ ಬಲಗೈಯನ್ನು ಮೊಣಕೈವರೆಗೆ ತೆಗೆದರು. ಆ ಬೆಲ್ಟಿಗೆ ಜಾಲರಿ ಹಾಕಿಸಿರೆಂದು ಅಪ್ಪ ಸಾವಕಾರರಿಗೆ ಮೊದಲೇ ಹೇಳಿದ್ದ. ಆದರೆ ವಿಚಾರಣೆಗೆ ಕಾರ್ಮಿಕ ಇಲಾಖೆಯ ಅಧಿಕಾರಿ ಬರುತ್ತಾರೆಂಬ ಸುದ್ದಿ ಹಬ್ಬುವ ಹೊತ್ತಿಗೆ, ಬೀರಪ್ಪ ಅವತ್ತು ಕುಡಿದು ಬಂದಿದ್ದನೆಂಬ ಮಾತು ಮಿಲ್ಲಿನ ತುಂಬ ಹರಡಿ ಖರೇ ಆಗಿಬಿಟ್ಟಿತ್ತು.

ಒಂದು ಸಂಜೆ ಮಿಲ್ಲಿನ ಮೇಸ್ತ್ರಿ ಶರಣಪ್ಪ ಮನೆಗೆ ಬಂದ. ನಾನು ಕಾಕಾ ಎಂದು ಕರೆಯುತ್ತಿದ್ದ ಮನುಷ್ಯ. ಸಂತೆಗೆ ಹೋದಾಗಲೆಲ್ಲ ನನಗೆ ಪುಠಾಣಿ ತರುತ್ತಿದ್ದ. ಅವತ್ತು ಬರಿಗೈಯಲ್ಲಿ ಬಂದು, ನನ್ನ ಕಡೆ ನೋಡದೆ ಕೂತ.

“ಸಮುವೇಲಪ್ಪ, ಹೋದ ಕೈ ಏನ್ ತಿರುಗಿ ಬರಂಗಿಲ್ಲ. ಕುಡದಿದ್ದ ಅಂತ ನೀನೂ ಒಂದು ಮಾತು ಅಂದುಬಿಡು. ನಿಮ್ಮ ಮನ್ಯಾಗ ಐತಾರ ಏನು ನಡೀತದ ಅಂತ ಮಂದಿ ಕೇಳಾಕತ್ತಾರ. ನಂಗೇನೂ ಗೊತ್ತಿಲ್ಲ ಅಂತ ಹೇಳೀನಿ.”

ಎಚ್ಚರಿಸಲು ಬಂದಿದ್ದನೋ, ಹೆದರಿಸಲು ಬಂದಿದ್ದನೋ, ನನಗೆ ಇವತ್ತಿಗೂ ತಿಳಿದಿಲ್ಲ.

ಆಮೇಲೆ ಬೀದಿಯೇ ಬೇರೆಯಾಯಿತು. ನಾವು ದುಡ್ಡು ಕೊಟ್ಟು ಜನರನ್ನು ಮತಕ್ಕೆ ಸೇರಿಸುತ್ತೇವೆಂಬ ಮಾತು ಎದ್ದಿತು. ನಿಮ್ಮ ಮನೆಯಲ್ಲಿ ತಲೆಗೆ ನೀರು ಹಾಕಿ ಹೆಸರು ಬದಲಿಸುತ್ತಾರಂತೆ ಹೌದೇ ಎಂದು ಶಾಲೆಯ ಗೆಳತಿ ಕೇಳಿದಳು. ಮರುದಿನದಿಂದ ಬೇರೆ ಬೆಂಚಿಗೆ ಹೋದಳು. ಹೆಪ್ಪು ಕೇಳುವವರು ಬರುವುದು ಬಿಟ್ಟರು. ಎದುರಿನ ಬೇವಿನ ಕೆಳಗೆ ಯಾರೋ ಮೋಟರ್ ಸೈಕಲ್ ನಿಲ್ಲಿಸಿ, ನಮ್ಮ ಮನೆಯ ಕಡೆ ಫೋನು ಹಿಡಿದು ಕೂರುತ್ತಿದ್ದರು. ಪ್ರಾರ್ಥನೆಗೆ ಹೊಸಬಳೊಬ್ಬಳು ಬಂದರೆ, ಫೋನು ಹಿಡಿದಿದ್ದಾಳೋ ಎಂದು ಅವ್ವ ಅವಳ ಕೈಯನ್ನೇ ನೋಡುತ್ತಿದ್ದಳು. ಸಂಶಯ ನಮ್ಮೊಳಗೂ ಬಂತು. ಬೀರಪ್ಪನೇ ಸಾವಕಾರರ ಜೊತೆ ರಾಜಿಯಾಗಿ ಅಪ್ಪನನ್ನು ನಡುನೀರಿನಲ್ಲಿ ಬಿಟ್ಟರೆ ಎಂದು ಅವ್ವ ಕೇಳಿದಳು. ಬಾಗಿಲು ಮುಚ್ಚಿದಳು. ಹಾಡು ಪಿಸುಮಾತಾಯಿತು.

ವಿಚಾರಣೆಯ ದಿನ ಅಪ್ಪನಿಗೆ ಬುತ್ತಿ ಒಯ್ದ ಅವ್ವನ ಜೊತೆ ನಾನೂ ಹೋಗಿದ್ದೆ. ಮಿಲ್ಲಿನ ಅಂಗಳದಲ್ಲಿ ಅಧಿಕಾರಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಒಬ್ಬೊಬ್ಬರಾಗಿ ಹಮಾಲರು ಬಂದು, ನೆಲ ನೋಡುತ್ತ, ಕುಡಿದಿದ್ದನೆಂದು ಹೇಳಿ ಹೋದರು. ಶರಣಪ್ಪನೂ ಹೇಳಿದ. ಖಾಲಿ ತೋಳಿನ ಬೀರಪ್ಪ, ಹೆಂಡತಿ ಮಲ್ಲಮ್ಮನ ಪಕ್ಕದಲ್ಲಿ ಗೋಡೆಗೆ ಒರಗಿದ್ದ. ಅಪ್ಪನ ಸರದಿ ಬಂತು.

“ಬೀರಪ್ಪ ಕುಡದಿದ್ದಿಲ್ರೀ. ಬೆಲ್ಟಿಗೆ ಜಾಲರಿ ಇದ್ದಿಲ್ಲ. ಹಾಕಸ್ರಿ ಅಂತ ನಾನೇ ಸಾವಕಾರ್ರಿಗೆ ಹೇಳಿದ್ದೆ.”

ಹಿಂದಿನಿಂದ ಯಾರೋ, ಇವನ ಮನೆಯಲ್ಲಿ ಬಾಗಿಲು ಹಾಕಿಕೊಂಡು ಏನು ಮಾಡುತ್ತಾರೆ ಕೇಳಿರಿ ಎಂದರು. ಅಧಿಕಾರಿ ಅದು ಇಲ್ಲಿಗೆ ಸಂಬಂಧಿಸಿದ್ದಲ್ಲವೆಂದರು. ಅಪ್ಪ ಸುಮ್ಮನೆ ಸರಿದು ಬರಬಹುದಿತ್ತು. ಅವ್ವ ನನ್ನ ಭುಜವನ್ನು ಗಟ್ಟಿಯಾಗಿ ಹಿಡಿದಳು.

“ಪ್ರಾರ್ಥನಿ ಮಾಡ್ತೀವಿ,” ಎಂದ ಅಪ್ಪ, ಆ ದನಿ ಬಂದ ಕಡೆಗೇ ತಿರುಗಿ. “ನಾವು ಕ್ರಿಸ್ತನವರು. ಯಾರಿಗೂ ದುಡ್ಡು ಕೊಟ್ಟಿಲ್ಲ, ಒತ್ತಾಯ ಮಾಡಿಲ್ಲ. ಬಾಗಲ ಹಾಕಿದ್ದು ಖರೇ. ಅಂಜಿ ಹಾಕಿದ್ವಿ. ಬರೋ ಐತಾರ ತಗದಿಡ್ತೀನಿ, ಯಾರರ ಬಂದು ನೋಡ್ರಿ.”

ಹೇಳಿದಂತೆಯೇ ತೆರೆದಿಟ್ಟ. ಪ್ರಾರ್ಥನೆಗೆ ಕೂತವರು ನಾವು ಮೂವರು ಮತ್ತು ಕಣ್ಣು ಕಾಣದ ಒಬ್ಬ ಮುದುಕಿ. ಹಾಡಿನ ನಡುವೆಯೇ ಹುಡುಗರ ಗುಂಪು ಚಪ್ಪಲಿ ಕಾಲಲ್ಲಿ ಒಳಗೆ ಬಂತು. ಬೈಬಲನ್ನು ಕಸಿದು ಬೀದಿಗೆ ಎಸೆದರು. ಒಬ್ಬ ಅಪ್ಪನ ಕೆನ್ನೆಗೆ ಹೊಡೆದು, ಯಾರನ್ನು ಸೇರಿಸಿದ್ದೀ ಬೊಗಳು ಎಂದ. ಅಪ್ಪ ಯಾರನ್ನೂ ಇಲ್ಲವೆಂದ. ಮತ್ತೆ ಹೊಡೆದರು, ಮತ್ತೆ ಅದನ್ನೇ ಹೇಳಿದ. ತುಟಿಯ ರಕ್ತ ಅಂಗಿಯ ಮೇಲೆ ಬಿತ್ತು. ಬೀದಿಯ ಜನ ತಮ್ಮ ತಮ್ಮ ಕಟ್ಟೆಯ ಮೇಲೆ ನಿಂತು ನೋಡಿದರು. ಅವರಲ್ಲಿ ಯಾರು ಕರೆಸಿದವರು, ಯಾರು ಮರುಗಿದವರು ಎಂದು ನಾನು ಒಂದೊಂದೇ ಮುಖವನ್ನು ಹುಡುಕಿದೆ. ಗೊತ್ತಾಗಲಿಲ್ಲ.

ಆ ವಾರವೇ ಕೆಲಸವೂ ಹೋಯಿತು, ಮನೆಯೂ ಹೋಯಿತು. ರಾಯಚೂರಿಗೆ ಬಂದೆವು, ಅಪ್ಪ ಗಂಜ್ ಮಾರುಕಟ್ಟೆಯಲ್ಲಿ ಹತ್ತಿಯ ಮೂಟೆ ಹೊತ್ತ. ಬೀರಪ್ಪನಿಗೆ ಪರಿಹಾರ ಸಿಕ್ಕಿತು. ಊರಲ್ಲಿ ಕುರಿ ಕಟ್ಟಿದನೆಂದು ಮಲ್ಲಮ್ಮ ಬಂದು ಹೇಳಿದಳು. ಅವ್ವನ ಕೈ ಹಿಡಿದು ಕೂತಿದ್ದಳು. ನಮ್ಮ ಸೀಮೆಯ ದೇವರ ಗುಡಿಗೆ ಹೋದಾಗ ನಿಮ್ಮ ಹೆಸರಲ್ಲೂ ಕಾಯಿ ಒಡೆಸುತ್ತೇನೆ ಅಂದಳು. ಅಪ್ಪ ನಕ್ಕು, ಒಡೆಸವ್ವ ಅಂದ.

ಮಿಲ್ಲು ಈಗ ಬೇರೆಯವರದು. ನಾವಿದ್ದ ಮನೆಯ ಜಾಗದಲ್ಲಿ ಗೋದಾಮು ಎದ್ದಿದೆ. ಆ ಹುಡುಗರಿಗೆ ಹೇಳಿಕೊಟ್ಟವರು ಯಾರೆಂದು ಅಪ್ಪ ಒಮ್ಮೆಯೂ ಕೇಳಲಿಲ್ಲ. ನಾನು ಮಾತ್ರ ಹೊಸಬರು ಮನೆಗೆ ಬಂದರೆ ಈಗಲೂ ಅವರ ಕೈ ನೋಡುತ್ತೇನೆ.

ಹೋದ ವರ್ಷ ಅಪ್ಪ ತೀರಿಕೊಂಡ. ಸಮಾಧಿಯ ಬಳಿ ಎಲ್ಲರೂ ಮಣ್ಣು ಹಾಕಿ ಸರಿದ ಮೇಲೆ, ಗೇಟಿನ ಹತ್ತಿರ ನಿಂತಿದ್ದ ಒಬ್ಬ ಮುದುಕ ಮುಂದೆ ಬಂದ. ಶರಣಪ್ಪ. ಬಗ್ಗಿ ಒಂದು ಹಿಡಿ ಮಣ್ಣು ಹಾಕಿದ. ಯಾರ ಮುಖವನ್ನೂ ನೋಡದೆ ಹೊರಟುಹೋದ. ಅವನು ಮರೆಯಾಗುವ ತನಕ ಅವ್ವ ನೋಡುತ್ತಲೇ ಇದ್ದಳು.

“ಬಿಸಲಾಗ ಬಂದಿದ್ದ,” ಅಂದಳು. “ನೀರರ ಕುಡದು ಹೋಗಬೇಕಿತ್ತು.”