ಎಲೆಯ ಮುಂದಿನಿಂದ ಎಬ್ಬಿಸಿದವನು

ಸದಾಶಿವನಗರದ ನಮ್ಮ ಮನೆಯ ಬಾಗಿಲ ಹಿಂದೆ ಹಸಿರು ವೈರಿನ ಬುಟ್ಟಿಯೊಂದು ಮೊಳೆಗೆ ನೇತಾಡುತ್ತಿದೆ. ಸಿ.ಎಸ್. ಪುರದಲ್ಲಿರುವ ನನ್ನಕ್ಕ ಹೆಣೆದದ್ದು. ಇಷ್ಟು ವರ್ಷ ಅದು ಎರಡು ಮನೆಗಳ ನಡುವೆ ಓಡಾಡಿಕೊಂಡಿತ್ತು. ಅಲ್ಲಿಂದ ಕೊಬ್ಬರಿ, ಅವರೆಕಾಯಿ, ಹುಣಸೆಹಣ್ಣು, ಇಲ್ಲಿಂದ ಕಾಫಿಪುಡಿ, ಹಬ್ಬಕ್ಕೊಂದು ರವಿಕೆ ಕಣ. ಬುಟ್ಟಿಯನ್ನು ಬರಿದಾಗಿ ಕಳಿಸುವ ಪದ್ಧತಿ ನಮ್ಮ ಕಡೆ ಇಲ್ಲ. ಏನೂ ಇಲ್ಲದ ದಿನ ಅಕ್ಕ ಎರಡು ನಿಂಬೆಹಣ್ಣನ್ನಾದರೂ ಹಾಕುತ್ತಿದ್ದಳು.

ನಾನು ಇಂಗ್ಲಿಷ್ ಮೇಷ್ಟ್ರು, ಈಗ ನಿವೃತ್ತ. ಬಂದವರನ್ನು ಎದುರುಗೊಂಡು, ಮುಂದೆ ನಡೆದು, ತಕ್ಕ ಜಾಗದಲ್ಲಿ ಕೂರಿಸುವುದಕ್ಕೆ ಇಂಗ್ಲಿಷಿನಲ್ಲಿ ‘ಅಷರ್’ ಎಂಬ ಕ್ರಿಯಾಪದವಿದೆ. ಅದರ ಮೂಲಪುರುಷ ಲ್ಯಾಟಿನ್ನಿನ ಬಾಗಿಲು ಕಾಯುವವನು. ಲ್ಯಾಟಿನ್ನಿನಲ್ಲಿ ಬಾಗಿಲೆಂಬ ಪದ ಹುಟ್ಟಿದ್ದು ಬಾಯಿ ಎಂಬ ಪದದಿಂದ; ನಮ್ಮ ಬಾಗಿಲಿನೊಳಗೂ ಬಾಯಿಯೇ ಇದೆ ಎನ್ನುತ್ತಾರೆ ತಿಳಿದವರು. ಒಂದು ಕಾಲಕ್ಕೆ ಶಾಲೆಯ ಕಿರಿಯ ಉಪಾಧ್ಯಾಯನಿಗೂ ಇದೇ ಹೆಸರಿತ್ತಂತೆ. ಇದನ್ನೆಲ್ಲ ತರಗತಿಯಲ್ಲಿ ಎಷ್ಟು ಸೊಗಸಾಗಿ ಹೇಳುತ್ತಿದ್ದೆ ಗೊತ್ತೇ? ಕಾವಲಿನವನ ಕೈಗೆ ಕರೆಯುವ ಕೆಲಸ ಸಿಕ್ಕರೆ ಏನಾಗುತ್ತದೆಂಬುದನ್ನು ಮಾತ್ರ ಹೇಳಿರಲಿಲ್ಲ, ಏಕೆಂದರೆ ನನಗೂ ಗೊತ್ತಿರಲಿಲ್ಲ.

ಮಗಳ ಮದುವೆ ಕುಣಿಗಲ್ಲಿನ ಕಲ್ಯಾಣಮಂಟಪದಲ್ಲಿ ನಡೆಯಿತು. ಬೀಗರಿಗೆ ಸತ್ಯಮಂಗಲದಲ್ಲಿ ಸಣ್ಣದೊಂದು ಕಾರ್ಖಾನೆ, ದೊಡ್ಡ ಪರಿಚಯಗಳು. ಊಟದ ಮನೆಯ ಬಾಗಿಲಲ್ಲಿ ನಾನೇ ಕೈಮುಗಿದು ನಿಂತಿದ್ದೆ. ಮೊದಲ ಪಂಕ್ತಿ ತುಂಬಿತ್ತು, ಎಲೆಗೆ ಉಪ್ಪು, ಕೋಸಂಬರಿ ಬಿದ್ದಾಗಿತ್ತು. ಅಷ್ಟರಲ್ಲಿ ಬೀಗರು ಯಾರೋ ಅಧಿಕಾರಿಯ ಸಂಸಾರವನ್ನು ಕರೆದುಕೊಂಡು ಬಂದರು. ನನ್ನ ಕಣ್ಣು ಸಾಲಿನುದ್ದಕ್ಕೂ ಓಡಿ, ಯಾರನ್ನು ಎಬ್ಬಿಸಿದರೆ ಗಲಾಟೆಯಾಗುವುದಿಲ್ಲ ಎಂದು ಹುಡುಕಿತು. ನನ್ನ ನೀಚತನ ಇರುವುದು ಆ ಹುಡುಕಾಟದಲ್ಲಿ. ಕಣ್ಣು ಅಕ್ಕನ ಮೇಲೆ ನಿಂತಿತು.

“ಅಕ್ಕ, ಬೀಗರ ಕಡೆಯೋರು ಬಂದವ್ರೆ. ನೀವು ಮುಂದಿನ ಪಂಕ್ತೀಲಿ ಕೂತ್ಕೊಳಿ, ಮನೆಯೋರಲ್ವಾ” ಎಂದೆ, ಅವಳನ್ನೂ ಭಾವನನ್ನೂ ನೋಡಿ.

ಭಾವ ಎದ್ದು ನಿಂತರು. ಅಕ್ಕ ಎಲೆಯ ಮುಂದಿನಿಂದ ಎದ್ದು, ಸೆರಗು ಸರಿಮಾಡಿಕೊಂಡು, “ಆಯ್ತು ಬುಡು, ನೀನೋಗಿ ಅವ್ರನ್ನ ನೋಡ್ಕೋ” ಎಂದಳು. ಎಲೆಯ ಮುಂದೆ ಕೂತವರನ್ನು ಎಬ್ಬಿಸಬಾರದೆಂದು ಚಿಕ್ಕಂದಿನಲ್ಲಿ ನನಗೆ ಕಲಿಸಿದವಳು ಅವಳೇ. ಮುಂದಿನ ಪಂಕ್ತಿಯಲ್ಲಿ ಅವರಿಬ್ಬರೂ ಇರಲಿಲ್ಲ. ಮಗಳಿಗೆ ಮಡಿಲು ತುಂಬಿ, ಹಸಿದ ಹೊಟ್ಟೆಯಲ್ಲೇ ಬಸ್ಸು ಹತ್ತಿದ್ದಾರೆಂದು ಸಂಜೆ ತಿಳಿಯಿತು. ಆ ಅಧಿಕಾರಿಯಾದರೋ ಸಕ್ಕರೆ ಕಾಯಿಲೆಯೆಂದು ಹೇಳಿ ಎರಡು ತುತ್ತು ತಿಂದು ಎದ್ದಿದ್ದ.

ತಿಂಗಳಾದ ಮೇಲೆ ಇದೇ ಬುಟ್ಟಿಯಲ್ಲಿ ಸೀರೆ, ಪಂಚೆ, ಮದುವೆಯ ಲಾಡು ತುಂಬಿಕೊಂಡು ಸಿ.ಎಸ್. ಪುರಕ್ಕೆ ಹೋದೆ. ಗುಬ್ಬಿ ದಾಟುವವರೆಗೂ ಕ್ಷಮೆಯ ಮಾತು ಜೋಡಿಸುತ್ತಿದ್ದೆ. ಅಕ್ಕ ಬಾಗಿಲಿಗೆ ಬಂದು, “ಬಾರೋ, ಕೈಕಾಲು ತೊಳ್ಕೋ” ಎಂದಳು. ಮುದ್ದೆ, ಬಸ್ಸಾರು ಬಡಿಸಿದಳು. “ಅಕ್ಕ, ಅವತ್ತು...” ಎಂದೆ. “ಉಣ್ಣು ಮೊದ್ಲು. ಎಲೆ ಮುಂದೆ ಆ ಮಾತ್ಯಾಕೆ?” ಎಂದಳು. ನಾನು ಸಾಕೆಂದು ಏಳಹೋದರೆ ಭುಜ ಒತ್ತಿ ಕೂರಿಸಿ ಇನ್ನೊಂದು ಚಮಚ ತುಪ್ಪ ಹಾಕಿದಳು.

ಹೊರಡುವಾಗ ಅಭ್ಯಾಸಬಲದಿಂದ ಬುಟ್ಟಿಗೆ ಕೈಚಾಚಿದೆ. ಪಡಸಾಲೆಯಲ್ಲಿ ಸುಲಿದ ಕೊಬ್ಬರಿಯ ರಾಶಿ ಬಿದ್ದಿತ್ತು. ಅಕ್ಕ ಅದನ್ನು ದಾಟಿಕೊಂಡು ಬಂದು ಬುಟ್ಟಿ ಕೊಟ್ಟಳು. ಒಳಗೆ ಏನೂ ಇರಲಿಲ್ಲ, ನಿಂಬೆಹಣ್ಣು ಕೂಡ.

“ಹಗುರಾಗೈತೆ ಕಣೋ” ಎಂದಳು. “ಬಸ್ಸಲ್ಲಿ ಹಿಡ್ಕೊಂಡೋಗಕ್ಕೆ ಸಲೀಸು.”